ಗ್ಯಾಸ್ಕೆಟ್ ಹೋದ್ರ ಕುಕ್ಕರ್ ಒಗಿತೀರೇನು?



ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗಿ ಬರಿತೀನಿ ಅಂತ ಹೇಳಿದ್ದೆ. ಕಾಯಿ ಇನ್ನಾ ಸಣ್ಣವವ, ಅದು ಮುಂದಿನ ಸಲ ನೋಡೋಣು. ಇವತ್ತ ಒಂದು ಜಗಳಾ ಬರಿಲಾಕ ಕುಂತೀನಿ. ಜಗಳಾ ನನ್ನ ಸಣ್ಣ ಮಗನ ಕೂಡ, ಜರಾ ನಮ್ಮ ನೆಗೆಣಿ ಕೂಡ, ಮತ್ತ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಬ್ಬ ಅಂಗಡಿ ಹುಡುಗನ ಕೂಡ. ವಿಷಯ ಏನಂದ್ರ ಹೆಡ್‌ಫೋನ್. ನಗಬ್ಯಾಡ್ರಿ. ರೊಟ್ಟಿ ಬಡಿಯಾಕಿಗಿ ಹೆಡ್‌ಫೋನ್ ಯಾಕ ಬೇಕು ಅಂತ ಕೇಳೋರಿಗಿ ಇಷ್ಟೇ ಹೇಳ್ತೀನಿ: ಮೂವತ್ತು ವರ್ಷ ಮನಿಮಂದಿ ಹಚ್ಚಿದ್ದೇ ಟೀವಿ ಕೇಳೀನಿ, ಈಗ ದಿನಾ ಒಂದು ತಾಸು ನನಗ ಬೇಕಾದ್ದು ಕೇಳ್ತೀನಿ.

ನನ್ನ ಹತ್ತಿರ ಇರೋದು ಮಗ ಬೆಂಗಳೂರಾಗ ನಾಕು ವರ್ಷ ವಾಪರ್ಸಿ ನನಗ ಕೊಟ್ಟದ್ದು. ಕಿವಿ ಪೂರಾ ಮುಚ್ಚೋ ಜಾತಿದು. ಅವ ತಗೊಂಡಾಗ ಇಪ್ಪತ್ತು ಸಾವಿರದ ಹತ್ತಿರ ಇತ್ತಂತ. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ತಪ್ಪು ಅವರದಲ್ಲ, ಮುಂದ ಓದಿದ್ರ ತಿಳಿತದ.

ಯುಗಾದಿಗಿ ಮಗ ಊರಿಗಿ ಬಂದಾಗ ಮಾತು ಸುರು ಆಯ್ತು. ಅವನ ಕೊಳ್ಳಾಗ ಹೊಸಾದು ಒಂದು ಇತ್ತು, ಅವನ ಗೆಳೆಯಂದು ಇನ್ನೊಂದು ತಂದಿದ್ದ. "ಅವ್ವಾ, ನಿಂದು ಹಳೇದಾಗ್ಯದ, ಬಾಸ್ ಸತ್ತ ಹೋಗ್ಯದ. ಬದಲಿ ಮಾಡಿಬಿಡು, ನಾ ಕೊಡಸ್ತೀನಿ" ಅಂದ. ಬಾಸ್ ಅಂದ್ರ ಏನು ಅಂತ ಗೊತ್ತಿಲ್ಲದವರಿಗಿ ಹೇಳ್ತೀನಿ. ಭಜನಿಯಾಗ ತಬಲಾದವ ಎಡಗೈಲೆ ಬಾರಸ್ತಾನಲ್ಲ ಡಗ್ಗಾ, ಅದರ ಗುಮ್ ಅನ್ನೋ ದನಿ ಬಾಸ್. ಮನಷ್ಯಾನ ಕಿವಿಗಿ ಸೆಕೆಂಡಿಗಿ 20 ಕಂಪನದಿಂದ 20,000 ಕಂಪನದ ತನಕ ಕೇಳ್ತದ ಅಂತ ನಾವು ಪಿಯುಸಿನಾಗ ಓದಿದ್ವಿ. ಅದರಾಗ ತಳದ 250ರ ತನಕ ಇರೋದನ್ನ ಬಾಸ್ ಅಂತಾರ. ತಾಳದ ಕಿಣಿಕಿಣಿ ಮ್ಯಾಲಿಂದು, ಡಗ್ಗಾ ಕೆಳಗಿಂದು, ಹಾಡೋರ ದನಿ ನಡುವಿಂದು.

ಮಗ ಹಾಗಂದಾಗ ನನ್ನ ಎದಿ ಧಸಕ್ ಅಂತು. ಯಾಕಂದ್ರ ಅವ ಹೇಳಿದ್ದು ಖರೇನೇ ಇತ್ತು.

ನನ್ನ ತವರು ಕಡಕೋಳದ ಬಾಜು. ಕಡಕೋಳ ಮಡಿವಾಳಪ್ಪನವರ ತತ್ವಪದ ನಮ್ಮ ಕಡಿ ಅಮಾವಾಸಿಗಿ ಅಮಾವಾಸಿಗಿ ಭಜನಿಯಾಗ ಹಾಡ್ತಾರ, ನಿಮಗೆಲ್ಲಾ ಗೊತ್ತದ. ನಮ್ಮಪ್ಪ ಆ ಭಜನಿಯಾಗ ಡಗ್ಗಾ ಬಾರಸ್ತಿದ್ದ. ಹೊಲದ ಕೈ, ಬೆರಳು ಒಡದಿರ್ತಿದ್ವು, ಆದ್ರ ಅಂಗೈ ಹಿಮ್ಮಡ ಡಗ್ಗಾದ ಮ್ಯಾಲ ಒತ್ತಿ ಮುಂದಕ್ಕ ಸರಿಸಿದ್ರ ಆ ದನಿ ನೀರೊಳಗ ಮುಳುಗಿ ಮ್ಯಾಲ ಎದ್ದಂಗ ಬರ್ತಿತ್ತು. 1994ರಾಗ ನಮ್ಮಣ್ಣ ಟೇಪ್ ರೆಕಾರ್ಡರ್ ಇಟ್ಟು ಒಂದು ಕ್ಯಾಸೆಟ್ ತುಂಬಿಸಿದ್ದ. ಅಪ್ಪ ಹೋಗಿ ಭಾಳ ವರ್ಷಾಯ್ತು. ಫೋಟೋ ಎರಡು ಅವ, ದನಿ ಅಂತ ಇರೋದು ಅದೊಂದೇ ಕ್ಯಾಸೆಟ್. ಮಗ ಅದನ್ನ ಫೋನಿಗಿ ಹಾಕಿ ಕೊಟ್ಟಾನ. ಎರಡು ಪದದ ನಡುವ ಅಪ್ಪ "ಶ್ರುತಿ ಜರಾ ಏರಸ್ರೋ" ಅಂತಾನ. ಅದು ಕೇಳಲಾಕೇ ನಾ ಹೆಡ್‌ಫೋನ್ ಹಾಕ್ಕೊಳ್ಳೋದು.

ಹೋದ ವರ್ಷದಿಂದ ಆ ಡಗ್ಗಾ ನನಗ ಕೇಳಲಾರದಂಗ ಆಗಿತ್ತು. ಟಕ್ ಟಕ್ ಅಂತ ಬಾಗಿಲಿಗಿ ಬೆರಳಲೆ ಹೊಡದಂಗ ಕೇಳ್ತಿತ್ತು, ಗುಮ್ ಅನ್ನೋದು ಹೋಗಿತ್ತು. ನನ್ನ ಕಿವಿನೇ ಹೋತೇನೋ ಅಂತ ಯಾರಿಗೂ ಹೇಳದೇ ಸುಮ್ಮಿದ್ದೆ. ಐವತ್ತು ದಾಟಿದ ಮ್ಯಾಲ ಇಂಥವು ಯಾರಿಗಿ ಹೇಳದ್ರಿ.

ಮಗನ ಹೊಸಾದು ಹಾಕ್ಕೊಂಡು ಅದೇ ಹಾಡ ಹಚ್ಚಿದೆ. ಗುಮ್ ಅಂತು! ಅಪ್ಪ ಬಂದು ಬಾಜು ಕುಂತಂಗ ಆಯ್ತು. ಕಣ್ಣಾಗ ನೀರು ಬಂತು, ಮಗ ಅದನ್ನ ನೋಡಿದ. ಅವನಿಗಿ ಅಷ್ಟೇ ಸಾಕಾಯ್ತು. "ನೋಡು, ಹೇಳಿದ್ನಿಲ್ಲ" ಅಂತ ಫೋನ್ ತಗದು ಬೆಲಿ ತೋರಿಸ್ಲತ್ತ. ಮೂವತ್ತು ಸಾವಿರದಿಂದ ನಲ್ವತ್ತು ಸಾವಿರ.

ಈಗ ಲೆಕ್ಕಾ ಹಾಕ್ರಿ. 2025-26ಕ್ಕ ತೊಗರಿಗಿ ಸರ್ಕಾರದ ಬೆಂಬಲ ಬೆಲಿ ಕ್ವಿಂಟಲಿಗಿ 8,000 ರೂಪಾಯಿ. ನಲ್ವತ್ತು ಸಾವಿರ ಅಂದ್ರ ಐದು ಕ್ವಿಂಟಲ್ ತೊಗರಿ. ಬಿತ್ತಿ, ಕಳೇ ತಗದು, ಎಣ್ಣಿ ಹೊಡದು, ಕೊಯ್ದು, ರಾಶಿ ಮಾಡಿ, ಚೀಲಾ ತುಂಬಿದ ಐದು ಕ್ವಿಂಟಲ್. ನಮ್ಮ ತೊಗರಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ ಅಂತ ಹೆಮ್ಮಿ ಪಡ್ತೀವಿ. ಆ ಹೆಮ್ಮಿನ್ಯಾಗ ಐದು ಚೀಲ ಕಿವಿಗಿ ಕಟ್ಕೋಬೇಕೇನು? ರೊಕ್ಕ ಮಗಂದು ಅಂದ್ರೂ ಅವ ಬಾಡಿಗಿ ಮನಿನಾಗ ಇದ್ದಾನ, ಸಾಲ ಇನ್ನಾ ತೀರಿಲ್ಲ.

ನಮ್ಮ ನೆಗೆಣಿ ಅಲ್ಲೇ ಕುಂತಿದ್ದಳು. "ಅಕ್ಕಾ, ಹಳೇ ಮಿಕ್ಸಿ ಕೆಟ್ರ ಹೊಸಾದು ತರಂಗಿಲ್ಲೇನು? ಮಗ ಕೊಡಸ್ತೀನಿ ಅಂದ್ರ ಸುಮ್ಮ ತಗೋರಿ" ಅಂದಳು. ಆಕಿದೇನು ಕೆಟ್ಟ ಮನಸಲ್ಲ. ಆದ್ರ ಆಕಿ ಒಂದು ಮಾತು ಕೇಳಲಿಲ್ಲ, ನಾನೂ ಕೇಳಿರಲಿಲ್ಲ: ಬಾಸ್ ಎಲ್ಲಿಗಿ ಹೋತು?

ಮರುದಿನ ಮಧ್ಯಾಹ್ನ ಕುಕ್ಕರ್ ಸೀಟಿ ಹೊಡಿಲಿಲ್ಲ. ಬ್ಯಾಳಿ ಬೇಯವಲ್ಲದು, ಬಾಯಿ ಸುತ್ತ ಬುಸುಬುಸು ಹಬಿ ಹೊಂಟದ. ಗ್ಯಾಸ್ಕೆಟ್ ಸಡ್ಲಾಗಿತ್ತು. ಬದಲಿ ಹಾಕಿದೆ, ಸೀಟಿ ಬಂತು. ಹಂಗೇ ಕೈ ಒರಸ್ಕೋತ ಹೆಡ್‌ಫೋನ್ ನೋಡ್ತೀನಿ, ಕಿವಿ ಮ್ಯಾಲ ಕುಂಡ್ರೋ ಆ ಮೆತ್ತನ ಗಾದಿ ಅದಲ್ಲ, ಪ್ಯಾಡ್ ಅಂತಾರ, ಅದರ ಚರ್ಮ ಬಿರಕ್ ಬಿಟ್ಟು ಉದರ್ಲತ್ತದ, ಒಳಗಿನ ಸ್ಪಂಜು ಚಪ್ಪಟಿ ಆಗ್ಯದ. ಎರಡೂ ಕೈಲೆ ಮೆಲ್ಲಕ ಕಿವಿಗಿ ಒತ್ತಿ ಹಿಡದೆ. ಗುಮ್!

ಕೈ ಬಿಟ್ಟೆ, ಹೋತು. ಒತ್ತಿದೆ, ಬಂತು.

ಮಗನಿಗಿ ಫೋನ್ ಹಚ್ಚಿ ಕೇಳಿದೆ. ಅವ ಒಂದೀಟು ಹೊತ್ತು ಸುಮ್ಮಿದ್ದು, ಆಮ್ಯಾಲ ಒಪ್ಪಿಕೊಂಡ. ಕಿವಿ ಮುಚ್ಚೋ ಹೆಡ್‌ಫೋನಿನಾಗ ಗಾದಿ ಮತ್ತ ತಲಿ ನಡುವ ಸಂದಿ ಬಿದ್ರ ಮೊದಲ ಸೋರಿ ಹೋಗೋದು ತಳದ ದನಿನೇ ಅಂತ. ಮ್ಯಾಲಿನ ದನಿ ಅಷ್ಟು ಹೋಗಂಗಿಲ್ಲ, ಅದಕ್ಕೇ ನನಗ ತಾಳ ಬರೋಬ್ಬರಿ ಕೇಳ್ತಿತ್ತು, ಡಗ್ಗಾ ಇಲ್ಲ. ಇದು ಕಲಿತವರಿಗೆಲ್ಲಾ ಗೊತ್ತಿರೋ ಮಾತಂತ! ಗೊತ್ತಿದ್ದ ಮ್ಯಾಲ ಮೊದಲ ಗಾದಿ ನೋಡು ಅಂತ ಯಾಕ ಹೇಳಂಗಿಲ್ಲ, ಮೊದಲ ಬದಲಿ ಮಾಡು ಅಂತ ಯಾಕ ಹೇಳ್ತಾರ? ಗ್ಯಾಸ್ಕೆಟ್ ಹೋದ್ರ ಕುಕ್ಕರ್ ಒಗಿಯೋ ಹೆಣ್ಮಗಳನ್ನ ನೀವು ನೋಡೀರೇನು? ಹಂಗ ಮಾಡಿದ್ರ ಅತ್ತಿ ಮಾವ ಮನಿ ಹೊರಗ ಹಾಕ್ತಿದ್ರು. ಗಂಡಸರು ಇಪ್ಪತ್ತು ಸಾವಿರದ ಸಾಮಾನಿಗಿ ಅದನ್ನೇ ಮಾಡಿದ್ರ "ಅಪ್‌ಗ್ರೇಡ್" ಅಂತ ಹೆಸರು.

ಇನ್ನ ನನ್ನ ಚಾಳೀಸ ಕತಿ ಕೇಳ್ರಿ. ಚಾಳೀಸದ ಕಡ್ಡಿ ಗಾದಿ ಅಡ್ಯಾಗ ಹೋಗ್ತದ, ಅಲ್ಲಿ ಒಂದು ಸಂದಿ ಬೀಳ್ತದ. ದೊಡ್ಡ ಝುಮಕಿ, ಸೆರಗು, ತುರುಬಿನ ದಪ್ಪ ಕೂದಲ, ಎಲ್ಲಾವೂ ಸಂದಿ ಮಾಡ್ತಾವ. ಅಂಗಡಿಯಾಗ ಕಾಣೋ ಜಾಹೀರಾತಿನಾಗ ಬೋಳು ಕಿವಿ ಹುಡುಗ್ರು ಇರ್ತಾರ. ನಮ್ಮಂಥವರ ಕಿವಿಗಿ ನಲ್ವತ್ತು ಸಾವಿರದ್ದು ಹಾಕಿದ್ರೂ ಚಾಳೀಸ ಅದೇ, ಝುಮಕಿ ಅದೇ. ನಾ ಈಗ ಹಾಡ ಕೇಳೋ ಮುಂದ ಚಾಳೀಸ ತಗದಿಡ್ತೀನಿ. ಅದಕ್ಕ ಒಂದು ಪೈಸಾ ಖರ್ಚಿಲ್ಲ.

ಮಗ ಅಷ್ಟಕ್ಕೇ ಬಿಡಲಿಲ್ಲ. "ಆಯ್ತು ಗಾದಿ ಬದಲಿ ಹಾಕು, ಆದ್ರೂ ನಂದರಾಗ ಬಾಸ್ ಇನ್ನಾ ಜಾಸ್ತಿ ಅದ, ಕೇಳಿ ನೋಡು" ಅಂದ. ಗಾದಿ ಜೋಡಿ ಏಳ್ನೂರು ರೂಪಾಯಿಗಿ ತರಿಸಿದ್ವಿ, ಜೇವರ್ಗಿ ತನಕ ಪಾರ್ಸಲ್ ಬಂತು, ನಮ್ಮ ಮನಿಯವರು ಹೋಗಿ ತಂದ್ರು. ಚಮಚದ ಹಿಂದಿನ ತುದಿಲೆ ಹಳೇದು ಎಬ್ಬಿಸಿ ಹೊಸಾದು ಕೂಡಿಸ್ದೆ. ಬಸವ ಜಯಂತಿಗಿ ಮಗ ಮತ್ತ ಬಂದ. ಆಗ ಮೂರೂ ಮುಂದಿಟ್ಕೊಂಡು ಒಂದು ಮಧ್ಯಾಹ್ನ ಪೂರಾ ಕುಂತ್ವಿ. ಅಡಗಿ ಅವತ್ತ ಹೊತ್ತಿಗಿ ಆಗ್ಲಿಲ್ಲ, ಅದನ್ನ ಬರಿಯೋದು ಬ್ಯಾಡ ಅಂದಾರ ಮನಿಯವರು, ಬರದೀನಿ.

ಮೊದಲ ಸಲ ಕೇಳಿದಾಗ ಮಗಂದೇ ಛಲೋ ಅನಿಸ್ತು. ಆದ್ರ ನಾ ಒಂದು ನೋಡಿದೆ, ಅವಂದು ಜೋರು ಕೇಳ್ತಿತ್ತು. ಇದರಾಗ ಒಂದು ಮೋಸ ಅದ. 1933ರಾಗೇ ಫ್ಲೆಚರ್ ಮತ್ತ ಮನ್ಸನ್ ಅನ್ನೋರು ಅಮೇರಿಕಾದಾಗ ಅಳದು ನೋಡ್ಯಾರ, ದನಿ ಸಣ್ಣದಿದ್ದಾಗ ನಮ್ಮ ಕಿವಿಗಿ ತಳದ ದನಿ ಭಾಳ ಕಮ್ಮಿ ಕೇಳ್ತದ, ಜೋರು ಮಾಡಿದಂಗ ತುಂಬ್ಕೋತ ಬರ್ತದ ಅಂತ. ಅಂದ್ರ ಒಂದೇ ಹೆಡ್‌ಫೋನಿಗಿ ದನಿ ಏರಿಸಿದ್ರ ಬಾಸ್ ಜಾಸ್ತಿ ಆದಂಗ ಅನಸ್ತದ. ಸೂಪರ್ ಮಾರ್ಕೆಟ್ ಕಡಿ ಆ ಅಂಗಡಿ ಹುಡುಗ ನನಗ ಮಾಡಿದ್ದೂ ಅದೇ. ಅಗ್ಗದ್ದು ಸಣ್ಣ ದನಿನ್ಯಾಗ ಕೇಳಿಸಿದ, ತುಟ್ಟಿದು ಹಾಕಿ ಗುಂಡಿ ಏರಿಸಿದ, "ಫರಕ್ ಗೊತ್ತಾಯ್ತಿಲ್ಲ ಆಂಟಿ" ಅಂದ. ಗೊತ್ತಾಯ್ತಪ್ಪಾ, ಭಾಳ ಛಲೋ ಗೊತ್ತಾಯ್ತು. ಎರಡು ಸಾರು ರುಚಿ ನೋಡೋ ಮುಂದ ಒಂದಕ್ಕ ಉಪ್ಪು ಹಾಕಿ ಒಂದಕ್ಕ ಬಿಟ್ರ ಯಾವುದು ಗೆಲ್ತದ ಅಂತ ಕೂಸಿಗೂ ಗೊತ್ತದ.

ಅದಕ್ಕ ನಾ ಮಗನಿಗಿ ಅಂದೆ, ಮೂರರಾಗೂ ಅಪ್ಪನ ಮಾತು ಒಂದೇ ಜೋರಿಗಿ ಕೇಳಬೇಕು, ಹಂಗ ಹೊಂದಿಸು, ಆಮ್ಯಾಲ ಡಗ್ಗಾ ಕೇಳೋಣು. ಹೊಂದಿಸಿದ. ಆಗ ಮಗಂದು ಮತ್ತ ನಂದು, ನಡುವ ಇದ್ದ ಡೊಡ್ಡ ಕಂದಕ ಸಣ್ಣ ಕಾಲುವಿ ಆಯ್ತು. ಇನ್ನಾ ಅವಂದರಾಗ ತಳ ಜರಾ ಜಾಸ್ತಿ ಖರೆ. ಆದ್ರ ಎಂಥಾ ಜಾಸ್ತಿ ಕೇಳ್ರಿ. ಅಪ್ಪ ಹಗುರಕ ಹೊಡದ ಪೆಟ್ಟೂ ದಪ್ಪ, ಒತ್ತಿ ಹೊಡದದ್ದೂ ದಪ್ಪ. ಕೈ ಸರಿಸೋದು ತಿಳಿವಲ್ಲದು. ಒಂದು ಪೆಟ್ಟು ಮುಗಿಯೋ ಮೊದಲೇ ಇನ್ನೊಂದು ಬಂದು ಕೂಡಿ ಅಂಬಲಿ ಆಗ್ಲತ್ತು, ಹಾಡೋರ ಮಾತು ಆ ಅಂಬಲಿನ್ಯಾಗ ಮುಳುಗ್ಲತ್ತು. ನಂದರಾಗ ಡಗ್ಗಾ ಕಮ್ಮಿ, ಆದ್ರ ಅಪ್ಪನ ಅಂಗೈ ಎಲ್ಲಿಂದ ಎಲ್ಲಿಗಿ ಹೋತು ಅನ್ನೋದು ಕಣ್ಣಿಗಿ ಕಟ್ತದ. ಗೆಳೆಯಂದು ಇವೆರಡರ ನಡುವ ಇತ್ತು, ಅದರ ಬಗ್ಗಿ ಹೇಳಲಾಕ ಭಾಳ ಏನಿಲ್ಲ, ತಲಿ ಮ್ಯಾಲ ಭಾರ ಆಗ್ತಿತ್ತು ಅಷ್ಟೇ.

ಬಾಸ್ ಎಷ್ಟು ಅದ ಅಂತ ಎಲ್ಲಾರೂ ಕೇಳ್ತಾರ, ಹೆಂಥಾದು ಅದ ಅಂತ ಯಾರೂ ಕೇಳಂಗಿಲ್ಲ. ನನ್ನ ಸಿಟ್ಟು ಇರೋದು ಇಲ್ಲಿ. ಮದುವಿ ಮೆರವಣಿಗಿ ಡೀಜೆ ನಮ್ಮ ಹುಡುಗ್ರ ಕಿವಿನ ಹಿಂಗ ಮಾಡಿಟ್ಟದ. ಟ್ರ್ಯಾಕ್ಟರ್ ಮ್ಯಾಲ ಗ್ವಾಡಿ ಎತ್ತರ ಡಬ್ಬಿ ಕಟ್ಟಿ ಹಚ್ಚಿದ್ರ ನಮ್ಮ ಮನಿ ಮಾಡದಾಗಿನ ತಾಟು ಬಟ್ಟಲ ಕುಣಿತಾವ, ಎದಿ ಒಳಗ ಯಾರೋ ಗುದ್ದಿದಂಗ ಆಗ್ತದ, ಹಾಡು ಯಾವುದು ಅಂತ ತಿಳಿಯಂಗಿಲ್ಲ. ರಾತ್ರಿ 10ರಿಂದ ಮುಂಜಾನಿ 6ರ ತನಕ ಬೈಲಾಗ ಮೈಕ್ ಹಚ್ಚಬಾರದು ಅಂತ 2000ನೇ ಇಸ್ವಿದಾಗೇ ಕಾಯ್ದೆ ಆಗ್ಯದ, ಅದು ಕಾಗದದ ಮ್ಯಾಲ ಛಲೋ ನಿದ್ದಿ ಮಾಡ್ಲತ್ತದ. ಆ ಗುದ್ದು ಕೇಳಿ ಬೆಳೆದ ಹುಡುಗನಿಗಿ ಹೆಡ್‌ಫೋನಿನಾಗೂ ಗುದ್ದೇ ಬೇಕು. ಕಂಪನಿಯವರಿಗಿ ಅದು ಗೊತ್ತದ, ಅದಕ್ಕೇ ಡಬ್ಬಿ ಮ್ಯಾಲ ಬಾಸ್ ಬಾಸ್ ಅಂತ ದಪ್ಪ ಅಕ್ಷರದಾಗ ಬರಿತಾರ.

"ಅವ್ವಾ, ನಿನಗ ವಯಸ್ಸಾಗ್ಯದ, ಅದಕ್ಕ ಬಾಸ್ ಸೇರಂಗಿಲ್ಲ" ಅಂದ ಮಗ. ನಕ್ಕೋತ ಅಂದ, ನನಗ ನಗು ಬರಲಿಲ್ಲ. ಆದ್ರ ಮಾತಿನಾಗ ಅರ್ಧ ಖರೆ ಅದ, ಮುಚ್ಚಿಡಂಗಿಲ್ಲ. ಹರ್ಮನ್ ಅನ್ನೋ ಕಂಪನಿಯಾಗ ಶಾನ್ ಆಲಿವ್ ಅಂತ ಒಬ್ಬ ವಿಜ್ಞಾನಿ ಹೆಡ್‌ಫೋನ್ ದನಿ ಮಂದಿಗಿ ಹೆಂಗ ಬೇಕು ಅಂತ ವರ್ಷಗಟ್ಟಲೆ ಪರೀಕ್ಷಾ ಮಾಡ್ಯಾನ. ನೂರಕ್ಕ 64ರಷ್ಟು ಮಂದಿಗಿ ಒಂದು ಹದದ ಬಾಸ್ ಬೇಕು, 15ರಷ್ಟು ಮಂದಿಗಿ ಅದಕ್ಕೂ ಜಾಸ್ತಿ ಬೇಕು, 21ರಷ್ಟು ಮಂದಿಗಿ ಕಮ್ಮಿ ಬೇಕು ಅಂತ ಬಂತು. ಆ ಕಮ್ಮಿ ಬೇಕು ಅನ್ನೋ ಗುಂಪಿನಾಗ ಹೆಣ್ಮಕ್ಕಳು, ಐವತ್ತು ದಾಟಿದವರು ಹೆಚ್ಚು. ಅಂದ್ರ ನಾವೇ ಅಲ್ಲೇನ್ರಿ! ವಯಸ್ಸಾದಂಗ ಕಿವಿಗಿ ಮೊದಲ ಕಮ್ಮಿ ಆಗೋದು ಮ್ಯಾಲಿನ ಸಣ್ಣ ದನಿ. ತಾಳ, ಸ, ತ, ಕ ಇಂಥಾ ಅಕ್ಷರ. ಮೊದಲೇ ಅವು ಕಮ್ಮಿ ಕೇಳೋ ಮುಂದ ಮ್ಯಾಲ ಒಂದು ಕೌದಿ ಹೊಚ್ಚಿದಂಗ ಬಾಸ್ ತುಂಬಿದ್ರ ಮಾತೇ ತಿಳಿಯಂಗಿಲ್ಲ. ಹಿಂಗಿದ್ದ ಮ್ಯಾಲ ನನ್ನಂಥಾಕಿ ಜಾಸ್ತಿ ಬಾಸ್ ಸಲುವಾಗಿ ಐದು ಕ್ವಿಂಟಲ್ ತೊಗರಿ ಯಾಕ ಕೊಡಬೇಕು?

ಒಂದು ಮಾತು ಮಗನ ಕಡಿಂದ ಹೇಳಲೇಬೇಕು, ಇಲ್ಲಂದ್ರ ಅನ್ಯಾಯ ಆಗ್ತದ. ಅವಂದರಾಗ ಹೊರಗಿನ ಸಪ್ಪಳ ತಡಿಯೋ ಯಂತ್ರ ಅದ. ಸೋನಿ, ಬೋಸ್ ಇವರ ತುಟ್ಟಿ ಹೆಡ್‌ಫೋನೆಲ್ಲಾ ಇದರಿಂದೇ ಹೆಸರು ಮಾಡ್ಯಾವ. ಸಣ್ಣ ಮೈಕು ಹೊರಗಿನ ಸಪ್ಪಳ ಕೇಳಿ, ಅದಕ್ಕ ಉಲ್ಟಾ ದನಿ ಮಾಡಿ ಒಂದಕ್ಕೊಂದು ಹೊಡದು ಹಾಕ್ತದ. ಫ್ಯಾನು, ಕೂಲರ್, ಬಸ್ಸಿನ ಇಂಜಿನ್ ಇಂಥಾ ಒಂದೇ ಸಮ ಗುಂಯ್ ಅನ್ನೋ ತಳದ ಸಪ್ಪಳಕ್ಕ ಅದು ಭಾಳ ಛಲೋ. ಬೆಂಗಳೂರಿನ ಬಸ್ಸಿನಾಗ ದಿನಾ ಎರಡು ತಾಸು ಕುಂಡ್ರೋ ಅವನಿಗಿ ಅದು ಬೇಕು, ಅದರ ಮ್ಯಾಲ ನಂದೇನೂ ತಕರಾರಿಲ್ಲ. ಹೊರಗಿನ ಗುಂಯ್ ಹಾಡಿನ ಗುಮ್‌ನ ಮುಚ್ಚಿಬಿಡ್ತದ, ಅದನ್ನ ತಗದ್ರ ಒಳಗಿನ ಬಾಸ್ ಎದ್ದು ಕಾಣ್ತದ.

ಅವತ್ತ ಮಧ್ಯಾಹ್ನ ನಮ್ಮ ಮನಿಯಾಗ ಕೂಲರ್ ಹಚ್ಚಿತ್ತು. ಬ್ಯಾಸಗಿ, ಹೊರಗ ಬಿಸಲು ಕೆಂಡ. ನಡುವ ಕರೆಂಟ್ ಹೋತು. ಕೂಲರ್ ನಿಂತು ಮನಿ ಒಮ್ಮೆಲೆ ಗಪ್ಪಾಯ್ತು. ನಾ ನನ್ನ ಹಳೇದೇ ಹಾಕ್ಕೊಂಡು ಕುಂತಿದ್ದೆ. ದನಿ ಮುಟ್ಟಿಲ್ಲ, ಗುಂಡಿ ಒತ್ತಿಲ್ಲ, ಡಗ್ಗಾ ಎದ್ದು ಬಂತು. ಮಗನಿಗಿ ತಗದು ಕೊಟ್ಟು ಕೇಳು ಅಂದೆ. ಕೇಳಿದ. ಬೆವರ ಒರಸ್ಕೊಂಡು "ಹೌದು" ಅಂದ. ನಾ ಹಾಡ ಕೇಳೋದು ನಸಕಿನಾಗ ಐದು ಗಂಟಿಗಿ, ಆಗ ಇಜೇರಿಯಾಗ ಕೋಳಿ ಬಿಟ್ರ ಏನೂ ಸಪ್ಪಳಿಲ್ಲ. ಗಪ್ಪಿದ್ದ ಮನಿಗಿ ಸಪ್ಪಳ ತಡಿಯೋ ಯಂತ್ರ ಯಾತಕ್ಕ?

ಇಷ್ಟಾಗೂ ಯಾರಿಗರ ಬಾಸ್ ಕಮ್ಮಿ ಅನಿಸಿದ್ರ ರೊಕ್ಕ ಬಿಚ್ಚೋ ಮೊದಲ ಫೋನಿನಾಗ ನೋಡ್ರಿ. ಭಾಳ ಫೋನಿನಾಗ ಈಕ್ವಲೈಜರ್ ಅಂತ ಇರ್ತದ, ತಳದ ಗೂಟ ಒಂದೀಟು ಮ್ಯಾಲ ಸರಿಸಬಹುದು. ಸೋನಿಯವರ ಆ್ಯಪಿನಾಗ ಕ್ಲಿಯರ್ ಬಾಸ್ ಅಂತ ಬ್ಯಾರೇನೇ ಅದ, ಮೈನಸ್ 10ರಿಂದ ಪ್ಲಸ್ 10ರ ತನಕ. ಅವರೇ ಕಮ್ಮಿ ಜಾಸ್ತಿ ಮಾಡ್ಕೋರಿ ಅಂತ ಗುಂಡಿ ಕೊಟ್ಟಾರಂದ್ರ ಬಾಸ್ ಸಲುವಾಗಿ ಹೆಡ್‌ಫೋನೇ ಬದಲಿ ಮಾಡೋದು ಉಪ್ಪು ಕಮ್ಮಿ ಅಂತ ಒಲಿ ಬದಲಿ ಮಾಡಿದಂಗ. ನಾ ಒಂದೇ ಗೀಟು ಏರಿಸೀನಿ. ಎರಡು ಏರಿಸಿದ್ರ ಅಂಬಲಿ.

ಬಾಸ್ ಬರವಲ್ಲದು ಅಂತ ದನಿ ಏರಿಸ್ಕೋತ ಹೋಗೋದಂತೂ ಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ, ದೊಡ್ಡವರಿಗಿ 80 ಡೆಸಿಬಲ್, ವಾರಕ್ಕ 40 ತಾಸು. ಬಾಜು ಮನಿ ಅಕ್ಕನ ಮೊಮ್ಮಗ ಕಿವಿಗಿ ಹಾಕ್ಕೊಂಡು ಅಂಗಳದಾಗ ನಿಂತ್ರ ಅವನ ಹಾಡ ನನಗ ಪಡಸಾಲಿಗಿ ಕೇಳ್ತದ. ಅಕ್ಕಾ, ಓದ್ಲತ್ತಿದ್ರ ಅವನಿಗಿ ಜರಾ ಹೇಳ್ರಿ.

ಮತ್ತ ಆ ಕ್ಯಾಸೆಟ್. ನಮ್ಮಣ್ಣನ ಟೇಪ್ ರೆಕಾರ್ಡರಿನಾಗ ಇದ್ದದ್ದು ಗೋಧಿಕಾಳಿನಷ್ಟು ಸಣ್ಣ ಮೈಕು. ಮಠದ ಕಟ್ಟಿ ಮ್ಯಾಲ ಇಟ್ಟು ತುಂಬಿಸಿದ್ದು. ಅಪ್ಪನ ಡಗ್ಗಾದ ಪೂರಾ ದನಿ ಅದರಾಗ ಹೋಗಿಯೇ ಇಲ್ಲ, ಹೋದಷ್ಟು ಹೋಗ್ಯದ. ಟೇಪಿನಾಗ ಇಲ್ಲದ್ದನ್ನ ಯಾವ ಹೆಡ್‌ಫೋನೂ ತಂದು ಕೊಡಂಗಿಲ್ಲ. ಮಗಂದರಾಗ ನನಗ ಮೊದಲ ದಿನ ಕಣ್ಣೀರು ತರಿಸಿದ ಆ ಗುಮ್‌ನಾಗ ಅರ್ಧ ಅಪ್ಪಂದು, ಅರ್ಧ ಕಂಪನಿ ಹಚ್ಚಿದ ಬಣ್ಣ. ಇದು ತಿಳಿದ ದಿನ ಜರಾ ಸಂಕಟ ಆಯ್ತು, ಸುಳ್ಳು ಹೇಳಂಗಿಲ್ಲ. ಕಟ್ಟಿ ಮುಂದ ಕುಂತು ಕೇಳಿದ್ದು ಎದಿಗಿ ಬಡಿತಿತ್ತು, ಅದು ಈಗ ಎಲ್ಲೂ ಸಿಗಂಗಿಲ್ಲ. ಆದ್ರ ಬಣ್ಣ ಹಚ್ಚಿದ್ದಕ್ಕಿಂತ ನನಗ ಆ ಟೇಪಿನ ಸುರ್ರ್ ಅನ್ನೋ ಸಪ್ಪಳದೊಳಗಿನ ಸಣ್ಣ ಡಗ್ಗಾನೇ ಇರ್ಲಿ. ಅವನ ಕೈ ಅದು.

ಹಳೇ ಗಾದಿ ಒಗದಿಲ್ಲ, ಬಿಸಿ ಬೋಗಾಣಿ ಅಡ್ಯಾಗ ಇಡಲಾಕ ಒಲಿ ಬಾಜು ಇಟ್ಟೀನಿ. ನೆಗೆಣಿ ನೋಡಿ ತನ್ನ ಮಗಳ ಹೆಡ್‌ಫೋನ್ ತಂದು ತೋರಿಸ್ಯಾಳ, ಅದರದೂ ಬಿರಕ್ ಬಿಟ್ಟದ. ಅಳತಿ ತಗೊಂಡು ತರಸ್ಲತ್ತೀವಿ. ಯಾರಿಗರ ಬೇಕಂದ್ರ ನಿಮ್ಮದೂ ಮಾಡೆಲ್ ನಂಬರ್ ಬರದು ಕಳಸ್ರಿ, ಒಂದೇ ಪಾರ್ಸಲಿನಾಗ ಬರ್ತದ.

ನಿನ್ನಿ ರಾತ್ರಿ ಮಗ ಮತ್ತ ಫೋನ್ ಹಚ್ಚಿದ್ದ. "ಅವ್ವಾ, ಆ ಹೆಡ್‌ಫೋನಿಂದು ಆಫರ್ ನಾಳಿಗಿ ಮುಗಿತದ, ನೋಡು" ಅಂದ. ಮುಗಿಲೇಳು ಅಂದೆ.